ಎಡಕ್ಕೆ ಓಡುವ ಇಶಾಡ

ಹಬ್ಬುವಾಡದ ಸಾಯಿನಾಥ ನಾಯ್ಕನಿಗೆ ಚಿತ್ರ ಬಿಡಿಸಲು ಬರುತ್ತದೆ ಎಂದು ಕಾರವಾರದಲ್ಲಿ ಯಾರಾದರೂ ಹೇಳಿದರೆ ಅದು ಸುಳ್ಳಲ್ಲ. ಬರುತ್ತದೆ. ಒಂದು ಚಿತ್ರ ಬರುತ್ತದೆ.

ಅವನು ಐದನೆಯ ತರಗತಿಯಲ್ಲಿದ್ದಾಗ ಮನೆಯ ಬಿಸ್ಕೀಟು ಡಬ್ಬದ ಮೇಲೆ ಓಡುವ ಹುಡುಗನೊಬ್ಬನ ಚಿತ್ರವಿತ್ತು. ಮುಂದಿನ ಮೊಣಕಾಲು ಹೊಟ್ಟೆಗೆ ತಾಗುವಷ್ಟು ಮೇಲೆ, ಹಿಂದಿನ ಕಾಲು ಗಾಳಿಯಲ್ಲಿ, ಒಂದು ಮುಷ್ಟಿ ಮೂಗಿನ ಮುಂದೆ, ಇನ್ನೊಂದು ಬೆನ್ನ ಹಿಂದೆ, ಅದರ ಹಿಂದೆ ನಾಲ್ಕು ಗೆರೆ ಮತ್ತು ಒಂದಿಷ್ಟು ಧೂಳು. ಗಣಿತದ ಪಿರಿಯಡ್ಡಿನಲ್ಲಿ ಸಾಯಿನಾಥ ಅದನ್ನು ಎಷ್ಟು ಸಲ ಬಿಡಿಸಿದನೆಂದರೆ ಗಣಿತ ಹೋಯಿತು, ಹುಡುಗ ಉಳಿದ. ಹುಡುಗ ಓಡುತ್ತಿದ್ದದ್ದು ಎಡಕ್ಕೆ.

ಮುಂದೆ ಸಾಯಿನಾಥ ದೊಡ್ಡವನಾದ, ಕಾರವಾರದ ಒಂದು ಕಚೇರಿಯಲ್ಲಿ ಗುಮಾಸ್ತನಾದ, ಮೀಸೆ ಬಿಟ್ಟ, ಮೀಸೆ ತೆಗೆದ. ಹುಡುಗ ಮಾತ್ರ ಹಾಗೇ ಇದ್ದ. ಬದಲಾಗುತ್ತಿದ್ದದ್ದು ತಲೆ. ರುಮಾಲು ಸುತ್ತಿದರೆ ರೈತ, ಟೋಪಿ ಇಟ್ಟರೆ ಪೊಲೀಸ, ಸೊಂಡಿಲು ಹಚ್ಚಿದರೆ ಚೌತಿಯ ಗಣಪತಿ. ಎಲ್ಲರೂ ಎಡಕ್ಕೆ ಓಡುತ್ತಿದ್ದರು. ಕಚೇರಿಯಲ್ಲಿ ಯಾರು ನಿವೃತ್ತರಾದರೂ ಬೀಳ್ಕೊಡುಗೆಯ ಕಾರ್ಡಿನ ಮೇಲೆ ಕನ್ನಡಕ ಹಾಕಿಕೊಂಡು, ಚೀಲ ಹಿಡಿದುಕೊಂಡು ಎಡಕ್ಕೆ ಓಡುತ್ತಿದ್ದರು. ನಿವೃತ್ತರಾದವರು ಅಷ್ಟು ಜೋರಾಗಿ ಎಲ್ಲಿಗೆ ಓಡುತ್ತಾರೆ ಎಂದು ಯಾರೂ ಕೇಳಲಿಲ್ಲ. ಆ ಕಚೇರಿಯನ್ನು ನೋಡಿದವರು ಕೇಳುವ ಪ್ರಶ್ನೆಯೂ ಅಲ್ಲ ಅದು.

ಬಲಕ್ಕೆ ಓಡುವವನನ್ನು ಬಿಡಿಸಲು ಅವನಿಗೆ ಬರುತ್ತಿರಲಿಲ್ಲ. ಕೈ ಬಲಕ್ಕೆ ಹೊರಟರೆ ಕಾಲು ಎಲ್ಲಿ, ಮೂಗು ಎಲ್ಲಿ ಎಂಬುದೇ ಮರೆತು ಹೋಗುತ್ತಿತ್ತು. ಈ ಗುಟ್ಟು ಗೊತ್ತಿದ್ದದ್ದು ಮಗಳು ಸ್ವಾತಿಗೆ ಒಬ್ಬಳಿಗೇ. ಅವಳು ಚಿಕ್ಕವಳಿದ್ದಾಗ, "ಇಬ್ರು ದೋಸ್ತರು ಎದ್ರು-ಬದ್ರು ಓಡಿ ಬಂದು ಭೇಟಿ ಆಗೂದು ಬಿಡ್ಸಿ ಕೊಡು" ಎಂದಿದ್ದಳು. ಅಪ್ಪ ಬಿಡಿಸಿಕೊಟ್ಟ. ಇಬ್ಬರೂ ಎಡಕ್ಕೆ ಓಡುತ್ತಿದ್ದರು, ಒಬ್ಬನ ಹಿಂದೆ ಒಬ್ಬ.

"ಅಪ್ಪಾ, ಇವ್ರು ಭೇಟಿ ಆಗೂದು ಯಾವಾಗ?"

"ಆಗ್ತಾರೆ ತಂಗೀ. ಭೂಮಿ ಗುಂಡಗೆ ಅದೆ ಅಲ್ದಾ?"

ಅಂದಿನಿಂದ ಸ್ವಾತಿ ಅಪ್ಪನ ಹತ್ತಿರ ಚಿತ್ರ ಕೇಳುವುದನ್ನು ಬಿಟ್ಟು ತಾನೇ ಓಡತೊಡಗಿದಳು. ಈಗ ಅವಳಿಗೆ ಹದಿನಾರು. ಬೆಳಗಾದರೆ ಕಾರವಾರದ ಕಡಲತೀರದ ಮರಳಿನ ಮೇಲೆ ಅವಳ ಹೆಜ್ಜೆ. ಅವಳ ಓಟ ನೋಡಿದವರು, "ಇದು ಖಂಡಿತ ಸಾಯಿನಾಥನ ಮಗಳಲ್ಲ" ಎನ್ನುತ್ತಿದ್ದರು. ಸಾಯಿನಾಥ ಬಸ್ಸಿನ ಹಿಂದೆಯೂ ಓಡಿದವನಲ್ಲ, ಮುಂದಿನ ಬಸ್ಸಿಗೆ ಕಾಯುವವನು.

ಈಗ ಬಾವನ ವಿಷಯಕ್ಕೆ ಬರೋಣ. ಹೆಂಡತಿ ಜಯಂತಿಯ ತವರು ಅಂಕೋಲೆಯ ಮಂಜಗುಣಿ. ಅಲ್ಲಿ ಅವಳ ಅಣ್ಣ ದೇವಾನಂದ ಇದ್ದ. ಅಂಕೋಲೆ ಪೇಟೆಯಲ್ಲಿ ಟೈಲ್ಸ್ ಅಂಗಡಿ, ಊರಿನಲ್ಲಿ ಯುವಕ ಮಂಡಳದ ಅಧ್ಯಕ್ಷಗಿರಿ. ವಯಸ್ಸು ಐವತ್ತು ದಾಟಿತ್ತು, ಆದರೆ ಆ ಕುರ್ಚಿ ಕೇಳುವ ಧೈರ್ಯ ಯಾವ ಯುವಕನಿಗೂ ಬಂದಿರಲಿಲ್ಲ. ದೇವಾನಂದನಿಗೆ ಬಾವನ ಮೇಲೆ ದ್ವೇಷವೇನೂ ಇರಲಿಲ್ಲ. ಲೆಕ್ಕಕ್ಕೇ ಇಲ್ಲದವನ ಮೇಲೆ ಯಾರು ದ್ವೇಷ ಮಾಡುತ್ತಾರೆ?

ಮೇ ತಿಂಗಳ ಒಂದು ಭಾನುವಾರ ಎಲ್ಲರೂ ಮಂಜಗುಣಿಯಲ್ಲಿ ಊಟಕ್ಕೆ ಕೂತಿದ್ದರು. ಬಂಗಡೆ ಸಾರು ಬಡಿಸುತ್ತಿರುವಾಗ ದೇವಾನಂದ ಸುದ್ದಿ ಹೇಳಿದ. ಈ ಸಲ ಯುವಕ ಮಂಡಳದಿಂದ, ಅಂಕೋಲೆಯ ಇಶಾಡ ಮಾವಿನ ಹೆಸರಿನಲ್ಲಿ, 'ಇಶಾಡ ಓಟ'. ಕಾರವಾರ, ಕುಮಟಾ, ಹುಬ್ಬಳ್ಳಿಯಿಂದೆಲ್ಲ ಓಟಗಾರರು ಬರುತ್ತಾರೆ. ಧಾರವಾಡದಿಂದ ಒಬ್ಬ ದೊಡ್ಡ ಕೋಚ್ ಬರುತ್ತಾನೆ. ಹುಡುಗರಲ್ಲಿ ಒಬ್ಬ, ಹುಡುಗಿಯರಲ್ಲಿ ಒಬ್ಬಳು, ಮೊದಲು ಬಂದವರನ್ನು ತನ್ನ ಶಿಬಿರಕ್ಕೆ ಕರೆದುಕೊಂಡು ಹೋಗಿ ವರ್ಷವಿಡೀ ತಯಾರಿ ಕೊಡುತ್ತಾನೆ.

ಸ್ವಾತಿಯ ಕೈಯಲ್ಲಿದ್ದ ತುತ್ತು ಅಲ್ಲೇ ನಿಂತಿತು. "ಮಾಮಾ, ನಾನೂ ಓಡ್ತೆ."

"ಓಡು ಓಡು. ಹೆಣ್ಣು ಹುಡುಗಿ ಓಡಿ ಎಲ್ಲಿಗೆ ಹೋಗೂದು? ಸಂಜೆಗೆ ಮನೆಗೇ ಬರೂದು" ಎಂದು ದೇವಾನಂದ ನಕ್ಕ. ಜಯಂತಿಗೆ ಉರಿಯಿತು. ಸೌಟನ್ನು ಸಾರಿನ ಪಾತ್ರೆಗೆ ಬೀಳಿಸಿದ ರೀತಿಯಲ್ಲೇ ಅದು ಎಲ್ಲರಿಗೂ ತಿಳಿಯಿತು.

ದೇವಾನಂದನಿಗೆ ಮಾತ್ರ ತಿಳಿಯಲಿಲ್ಲ. ಅವನು ಮುಂದುವರಿಸಿದ: "ಎಲ್ಲಾ ತಯಾರಾಗದೆ. ಓಟದ ಗುರ್ತಿಗೆ ಬೊಂಬೆ ಚಿತ್ರ ಒಂದೇ ಬಾಕಿ. ಇಶಾಡ ಮಾವಿನ ಹಣ್ಣಿಗೆ ಕೈಕಾಲು ಬಂದು ಓಡ್ತಾ ಇರ್ಬೇಕು, ಹಂಗೆ ಬೊಂಬೆ. ಹುಬ್ಬಳ್ಳಿ ಕಲಾವಿದ ಫೋನು ಎತ್ತುದಿಲ್ಲ. ನಮ್ಮ ಕುಟುಂಬದಲ್ಲಿ ಒಬ್ಬನಿಗಾದ್ರೂ ಒಂದು ಕಲೆ ಅದ್ಯಾ, ಹೇಳಿ?" ಎಂದು ಸುತ್ತ ನೋಡಿದವನ ಕಣ್ಣು ಸಾಯಿನಾಥನ ಮೇಲೆ ಬಂದು, ನಿಲ್ಲದೆ, ಉಪ್ಪಿನಕಾಯಿ ಭರಣಿಯ ಮೇಲೆ ನಿಂತಿತು.

ಉಪ್ಪಿನಕಾಯಿಗಿಂತ ಕಡಿಮೆಯಾದದ್ದನ್ನು ಸಾಯಿನಾಥನಿಗೆ ತಡೆಯಲಾಗಲಿಲ್ಲ. "ಬೊಂಬೆನಾ? ನಾ ಬಿಡಿಸ್ತೆ ಬಾವಾ. ಕಾಲೇಜಲ್ಲಿದ್ದಾಗ ಪೇಪರಿಗೆಲ್ಲ ಬಿಡಿಸ್ತಿದ್ದೆ" ಎಂದುಬಿಟ್ಟ. ಕಾಲೇಜಿನಲ್ಲಿದ್ದಾಗ ಅವನು ಪೇಪರಿನ ಮೇಲೆ ಬಿಡಿಸಿದ್ದು ನಿಜ. ಪರೀಕ್ಷೆಯ ಪೇಪರು.

ಸ್ವಾತಿ ಅಪ್ಪನ ಕಾಲು ತುಳಿದಳು. ಅಪ್ಪ ಕಾಲು ಎಳೆದುಕೊಂಡ.

ಕೈ ತೊಳೆದು ಬಂದು ಹಳೆಯ ಕ್ಯಾಲೆಂಡರಿನ ಬೆನ್ನಿಗೆ ಬಿಡಿಸಿಯೇ ಬಿಟ್ಟ. ತಲೆ-ಹೊಟ್ಟೆ ಸೇರಿ ಒಂದು ದಪ್ಪ ಮಾವಿನ ಹಣ್ಣು, ನೆತ್ತಿಗೆ ಎರಡು ಎಲೆ, ದೊಡ್ಡ ಕಣ್ಣು, ಕಾಲಿಗೆ ಬೂಟು. ಮೊಣಕಾಲು ಮೇಲೆ, ಮುಷ್ಟಿ ಮುಂದೆ, ಹಿಂದೆ ನಾಲ್ಕು ಗೆರೆ, ಧೂಳು. ಮನೆಯವರೆಲ್ಲ ಮುತ್ತಿಕೊಂಡರು. ಕೈಯಲ್ಲಿದ್ದ ತಟ್ಟೆ ಇಡಲೂ ಮರೆತು ದೇವಾನಂದನ ಹೆಂಡತಿ, "ಅಬ್ಬಾ, ಉಸಿರು ಬಿಡ್ತಾ ಇದ್ದಂಗೇ ಕಾಣ್ತದೆ!" ಎಂದಳು. ದೇವಾನಂದ ಬಾವನ ಬೆನ್ನು ತಟ್ಟಿದ. ಮದುವೆಯಾದ ಇಷ್ಟು ವರ್ಷಗಳಲ್ಲಿ ಆ ಬೆನ್ನಿಗೆ ಆ ಕೈ ತಾಗಿದ್ದು ಅದೇ ಮೊದಲು. ಜಯಂತಿ ಸೆರಗಿನಿಂದ ಮುಖ ಒರೆಸಿಕೊಂಡು ಇನ್ನೊಂದು ಬಂಗಡೆ ಹುರಿದು ಗಂಡನ ತಟ್ಟೆಗೆ ಹಾಕಿದಳು, ಊಟ ಮುಗಿದಿದ್ದರೂ.

ಇಲ್ಲಿಗೆ ನಿಂತಿದ್ದರೆ ಕಥೆ ಸುಖವಾಗಿ ಮುಗಿಯುತ್ತಿತ್ತು. ಆದರೆ ಮಂಜಗುಣಿಯಲ್ಲಿ ಯಾವ ಕೆಲಸವೂ ಮೀಟಿಂಗಿಲ್ಲದೆ ಆಗುವುದಿಲ್ಲ.

ಮೀಟಿಂಗು ಗುಡಿಯ ಹೊರಗಿನ ಚಪ್ಪರದಲ್ಲಿ ಸೇರಿತು. ಚಿತ್ರವನ್ನು ಕಂಬಕ್ಕೆ ಅಂಟಿಸಿದರು. ಮೊದಲು ಎದ್ದವನು ಬೊಮ್ಮು ಗೌಡ, ಇಶಾಡ ಮರಗಳ ನಡುವೆಯೇ ಕೂದಲು ಬೆಳ್ಳಗಾದ ಮುದುಕ. ಇಶಾಡ ಎಂದರೆ ಅಂಕೋಲೆಯವರಿಗೆ ಬರೀ ಹಣ್ಣಲ್ಲ. ಬೇರೆ ಊರಿನ ಮಾವನ್ನು ಅವರು ತಿನ್ನುತ್ತಾರೆ, ಆದರೆ ಕ್ಷಮಿಸುವುದಿಲ್ಲ.

"ಇದು ಇಶಾಡ ಹೌದನಾ? ನಂಗೆ ಗೇರುಹಣ್ಣಿನಂಗೆ ಕಾಣ್ತದೆ."

"ಗೇರುಹಣ್ಣಿಗೆ ಕೆಳಗೆ ಬೀಜ ಇರ್ತದೆ ಅಜ್ಜಾ. ಇದ್ಕೆ ಬೂಟು ಅದೆ" ಎಂದ ನಿತೇಶ. ಮಂಡಳದಲ್ಲಿ ನಿಜವಾಗಿ ಯುವಕನಾಗಿದ್ದವನು ಅವನೊಬ್ಬನೇ.

"ಇದು ಎಂತಕ್ಕೆ ಓಡ್ತದೆ?"

"ಓಟದ ಬೊಂಬೆ ಅಜ್ಜಾ. ಓಡ್ಲೇಬೇಕಲ್ಲ."

"ಅದಲ್ಲ. ಹಣ್ಣು ಓಡ್ತದೆ ಅಂದ್ರೆ ತಿನ್ನೂಕೆ ಯಾರೋ ಬೆನ್ನು ಹತ್ತಿದಾರೆ. ಅವ್ರನ್ನ ಎಂತಕ್ಕೆ ಬಿಡ್ಸಿಲ್ಲ?"

ಬೊಮ್ಮು ಗೌಡ ಕನ್ನಡಕ ಸರಿಮಾಡಿಕೊಂಡು ಹತ್ತಿರ ಹೋಗಿ ನೋಡಿ, ಸಭೆಗೆಲ್ಲ ಕೇಳುವಂತೆ, "ಅರೇ, ಇದು ಎಡಕ್ಕೆ ಓಡ್ತಾ ಅದೆ!" ಎಂದ.

ಸಭೆಯೆಲ್ಲ ಎದ್ದು ಕಂಬದ ಹತ್ತಿರ ಬಂದು ನೋಡಿತು. ನಂತರ ಎಲ್ಲರೂ ಒಟ್ಟಿಗೇ ಮಾತಾಡಿದರು. ಶುಭ ಕಾರ್ಯಕ್ಕೆ ಎಡಕ್ಕೆ ಓಡುವುದೆಂದರೇನು? ದೇವರಲ್ಲಿ ಪ್ರಸಾದ ಕೇಳಿದಾಗ ಮೂರ್ತಿಯ ಮೇಲಿನ ಹೂವು ಎಡಕ್ಕೆ ಬಿದ್ದರೆ ಈ ಊರಿನಲ್ಲಿ ಬಾವಿ ತೋಡುವುದಿಲ್ಲ, ಹೆಣ್ಣು ಕೊಡುವುದಿಲ್ಲ, ಎಮ್ಮೆ ಕೂಡ ತರುವುದಿಲ್ಲ. ದೇವಾನಂದ ಬಾವನ ಕಡೆ ತಿರುಗಿದ. "ಎಂತ ದೊಡ್ಡ ಕೆಲಸ? ಬಲಕ್ಕೆ ತಿರುಗ್ಸಿ ಬಿಡ್ಸು ಬಾವಾ. ಈಗ್ಲೇ, ಇಲ್ಲೇ."

ಸಾಯಿನಾಥನ ಬೆವರು ಕಿವಿಯ ಹಿಂದಿನಿಂದ ಇಳಿಯಿತು. ಪೆನ್ನು ತೆಗೆದ, ಮುಚ್ಚಳ ಬಿಚ್ಚಿದ, ಮುಚ್ಚಿದ. ಎದುರಿಗೆ ಗುಡಿಯ ಬಾಗಿಲು ಕಾಣುತ್ತಿತ್ತು. ಕಷ್ಟದಲ್ಲಿದ್ದವರಿಗೆ ಗುಡಿಯೇ ಗತಿ.

"ಬಾವಾ, ಒಂದು ಮಾತು. ಪ್ರಸಾದ ಬಲಕ್ಕೆ ಆಯ್ತು ಅಂತ ನಾವು ಹೇಳೂದು ಯಾರ ಬಲ?"

"ದೇವರ ಬಲ. ಮತ್ತೆ ಯಾರದ್ದು?"

"ನಾವು ಎದುರಿಗೆ ನಿಂತು ನೋಡೂಕೆ ಅದು ನಮ್ಗೆ ಯಾವ ಬದಿ?"

ಕೆಲವರು ಎಡ ಎಂದರು, ಕೆಲವರು ಬಲ ಎಂದರು. ಕೊನೆಗೆ ನಿತೇಶನನ್ನು ಗರ್ಭಗುಡಿಯ ಕಡೆ ಬೆನ್ನು ಮಾಡಿಸಿ ನಿಲ್ಲಿಸಿ ಬಲಗೈ ಎತ್ತಿಸಿದರು. ಕೈ ಸಭೆಯ ಎಡಕ್ಕೆ ಎದ್ದಿತು. ಮುದುಕರೆಲ್ಲ ತಮ್ಮ ತಮ್ಮ ಕೈ ನೋಡಿಕೊಂಡರು.

"ಚಿತ್ರಕ್ಕೂ ಅದೇ ಶಾಸ್ತ್ರ" ಎಂದ ಸಾಯಿನಾಥ ಗಟ್ಟಿ ದನಿಯಲ್ಲಿ. "ಚಿತ್ರ ನಮ್ಮನ್ನ ನೋಡ್ತಾ ಇರ್ತದೆ. ನಮ್ಮ ಎಡ, ಅದರ ಬಲ. ನಮ್ಮ ಇಶಾಡ ಓಡ್ತಾ ಇರೂದು ಬಲಕ್ಕೆ."

ಬೊಮ್ಮು ಗೌಡ ಎರಡೂ ಕೈ ಜೋಡಿಸಿದ. ಇಷ್ಟು ದಿನ ಗುಡಿಗೆ ನಡೆದುಕೊಂಡರೂ ಇದು ಹೊಳೆದಿರಲಿಲ್ಲವಲ್ಲ ಎಂದು ಬೇಸರಪಟ್ಟುಕೊಂಡ. ದೇವಾನಂದನಂತೂ ಎದ್ದು ನಿಂತು, ಇಶಾಡ ಬಲಕ್ಕೇ ಓಡುತ್ತದೆಂದೂ, ಈ ವಿಷಯದಲ್ಲಿ ಇನ್ನು ಯಾರೂ ತಕರಾರು ಮಾಡಕೂಡದೆಂದೂ ಠರಾವು ಪಾಸು ಮಾಡಿಸಿದ. ಹೀಗೆ, ಎಲ್ಲರ ಕಣ್ಣೆದುರಿಗೆ ಎಡಕ್ಕೆ ಓಡುತ್ತಿದ್ದ ಹಣ್ಣು ಅಧಿಕೃತವಾಗಿ ಬಲಕ್ಕೆ ಓಡತೊಡಗಿತು.

ಠರಾವು ಆದ ಮೇಲೆ ಅದನ್ನು ಉಪಯೋಗಿಸಬೇಕಲ್ಲ? ಓಟದ ದಾರಿಯಲ್ಲಿ ಒಂದು ಕಡೆ ರಸ್ತೆ ಐಸ್ ಗೋದಾಮಿನ ಗೋಡೆಗೆ ಬಂದು ಎರಡಾಗುತ್ತದೆ. ಬಲಕ್ಕೆ ಹೋದರೆ ಶಾಲೆಯ ಮೈದಾನ, ಅಲ್ಲೇ ಓಟದ ಕೊನೆ. ಎಡಕ್ಕೆ ಹೋದರೆ ಗಂಗಾವಳಿ ಹೊಳೆಯ ಮೇಲಿನ ಹೊಸ ಸೇತುವೆ, ಸೇತುವೆ ದಾಟಿದರೆ ಕುಮಟಾ ತಾಲೂಕು. ದೇವಾನಂದ ಆ ಗೋಡೆಗೆ ಸುಣ್ಣ ಬಳಿಸಿ ಬಾವನನ್ನು ನಿಲ್ಲಿಸಿದ.

"ಇಲ್ಲಿ ದೊಡ್ಡಕ್ಕೆ ಬಿಡ್ಸು. ಇದನ್ನ ನೋಡ್ದವ್ರೆಲ್ಲ ಬಲಕ್ಕೆ ತಿರುಗ್ಬೇಕು."

ಸಾಯಿನಾಥ ಎರಡೂ ರಸ್ತೆಗಳನ್ನು ಒಂದೊಂದು ಸಲ ನೋಡಿದ. "ಬಾವಾ, ಕೆಳಗೆ ಒಂದು ಬಾಣದ ಗುರ್ತು ಹಾಕ್ವ. ಬಾಣ ಎರಡೂ ಬದಿಗೂ ಹಾಕೂಕೆ ಬರ್ತದೆ ನಂಗೆ."

"ಬಾಣ ಎಂತಕ್ಕೆ? ಠರಾವು ಆಗದೆ. ಈಗ ಬಾಣ ಹಾಕಿದ್ರೆ ದೇವರ ಬಲದ ಮೇಲೆ ನಮ್ಗೇ ನಂಬ್ಕೆ ಇಲ್ಲ ಅಂತಾಗ್ತದೆ. ಅದೂ ಅಲ್ದೆ ಚಿತ್ರದ ಚೆಂದ ಹೋಗ್ತದೆ."

ತನ್ನ ಚಿತ್ರದ ಚೆಂದದ ಬಗ್ಗೆ ಬಾವ ಕಾಳಜಿ ಮಾಡಿದ್ದೇ ಸಾಯಿನಾಥನನ್ನು ಕೆಡಿಸಿತು. ಹಳದಿ ಡಬ್ಬ ತೆರೆದ. ಸಂಜೆಯ ಹೊತ್ತಿಗೆ ಗೋಡೆಯ ಮೇಲೆ ಆಳೆತ್ತರದ ಇಶಾಡ ಎದ್ದು, ನಗುತ್ತ, ಬೂಟು ಎತ್ತಿ, ಸೀದಾ ಕುಮಟಾ ತಾಲೂಕಿನ ಕಡೆ ಓಡುತ್ತಿತ್ತು. ಕೊನೆಗೆ ಅವನು ಕೈಕಾಲು ಹಿಡಿದು ಕೇಳಿಕೊಂಡದ್ದಕ್ಕೆ, ಓಟದ ದಿನ ಗೋಡೆಯ ಹತ್ತಿರ ನಿತೇಶನನ್ನು ಕೆಂಪು ಬಾವುಟ ಕೊಟ್ಟು ನಿಲ್ಲಿಸುವುದೆಂದಾಯಿತು. ಸಾಯಿನಾಥ ನಿಟ್ಟುಸಿರು ಬಿಟ್ಟು ಕಾರವಾರದ ಬಸ್ಸು ಹತ್ತಿದ. ಮನೆಯಲ್ಲಿ ಸ್ವಾತಿ ಬೂಟು ತೊಳೆದು ಒಣಗಲು ಇಟ್ಟಿದ್ದಳು. ಗೋಡೆಯ ಸಂಗತಿ ಅವಳಿಗೆ ಅವನು ಹೇಳಲಿಲ್ಲ. ಹೇಳಿದರೆ ಅವಳು ನಗುತ್ತಾಳೆ ಎಂಬ ಹೆದರಿಕೆ.

ಓಟದ ದಿನ ಬೆಳಿಗ್ಗೆ ಮಂಜಗುಣಿಯಲ್ಲಿ ಎದೆಗೆ ಬ್ಯಾಜು ಇಲ್ಲದ ಮನುಷ್ಯ ಸಿಗುತ್ತಿರಲಿಲ್ಲ. ಊರವರೆಲ್ಲ ಸಂಘಟಕರೇ. ಹಾಗಾಗಿ ಓಡಲು ಊರವರು ಯಾರೂ ಉಳಿದಿರಲಿಲ್ಲ, ಓಡುವವರೆಲ್ಲ ಹೊರಗಿನವರು. ಹುಬ್ಬಳ್ಳಿಯಿಂದ ಬಂದ ಕಪ್ಪು ಕನ್ನಡಕದವನೊಬ್ಬ ಓಡುವ ಮೊದಲೇ ತನ್ನ ನಾಡಿ ನೋಡಿಕೊಳ್ಳುತ್ತಿದ್ದ. ಕಾರವಾರ ಕಡೆಯ ಹಣಕೋಣದಿಂದ ಮನಿಷಾ ಎಂಬ ಹುಡುಗಿ ಬಂದಿದ್ದಳು, ಜೊತೆಗೆ ಅವಳ ಮಾಮ ಮಾದು. ಸ್ವಾತಿಗಿಂತ ಒಂದು ಗೇಣು ಎತ್ತರದ ಆ ಹುಡುಗಿಯ ಕಾಲು ನೋಡಿಯೇ ಜಯಂತಿ ವೆಂಕಟರಮಣನಿಗೆ ಹೂವಿನ ಪೂಜೆ ಹೇಳಿಕೊಂಡಳು.

ದೇವಾನಂದ ಮೈಕು ಹಿಡಿದ. ಹಿಡಿದವನು ಬಿಡಲಿಲ್ಲ. "ಓಟ ಶುರುವಾಗದೆ! ಎಲ್ಲರೂ ಓಡ್ತಾ ಇದಾರೆ! ಮುಂದಿದ್ದವ್ರು ಮುಂದೆ ಇದಾರೆ, ಹಿಂದಿದ್ದವ್ರು ಹಿಂದೆ ಇದಾರೆ!" ಪಕ್ಕದಲ್ಲಿ ಧಾರವಾಡದ ಕೋಚ್ ಕೊರಳಿಗೆ ಸೀಟಿ ಹಾಕಿಕೊಂಡು ಮುಖದಲ್ಲಿ ಏನೂ ತೋರಿಸದೆ ಕೂತಿದ್ದ.

ಈ ಹೊತ್ತಿಗೆ ಗೋದಾಮಿನ ಗೋಡೆಯ ಹತ್ತಿರ ನಿತೇಶ ಬಾವುಟ ಹಿಡಿದು ನಿಂತಿರಬೇಕಿತ್ತು. ನಿಂತಿದ್ದ ಕೂಡ. ಆದರೆ ಮೈದಾನದಲ್ಲಿ ಅವಲಕ್ಕಿ ಮುಗಿಯುತ್ತ ಬಂತು ಎಂದು ಯಾರೋ ಫೋನು ಮಾಡಿದರು. ಅವನು ಬಾವುಟವನ್ನು ಇಶಾಡದ ಬುಡದಲ್ಲಿ ಊರಿ, ಚಿತ್ರ ಇದೆಯಲ್ಲ, ಠರಾವೂ ಆಗಿದೆ ಎಂದು ಧೈರ್ಯ ಮಾಡಿ ಹೋದ. ಅವನನ್ನು ಬೈಯುವವರು ಮಂಜಗುಣಿಯ ಅವಲಕ್ಕಿ ತಿಂದವರಲ್ಲ.

ಮೈದಾನದಲ್ಲಿ ಜನ ಕಾದರು. ದೂರದಲ್ಲಿ ಒಂದು ಆಕೃತಿ ಕಂಡಿತು. ಕೆಂಪು ಬನಿಯನ್, ಎರಡು ಜಡೆ. "ನನ್ನ ಸೊಸೆ! ಸ್ವಂತ ತಂಗಿ ಮಗಳು!" ಎಂದು ದೇವಾನಂದ ಮೈಕಿನಲ್ಲಿ ಕೂಗಿದ. ಸ್ವಾತಿ ಕೊನೆಯ ಗೆರೆಯ ದಾರ ಹರಿದಳು. ಜಯಂತಿ ಮಗಳನ್ನು ತಬ್ಬಿಕೊಂಡು ಅತ್ತಳು. ಡೊಳ್ಳಿನವರು ಬಾರಿಸಿದರು, ಬಾರಿಸಿ ದಣಿದರು, ನಿಲ್ಲಿಸಿದರು. ಎರಡನೆಯವರು ಬರಲಿಲ್ಲ. ಮೂರನೆಯವರು ಬರಲಿಲ್ಲ. ಹುಡುಗರೂ ಬರಲಿಲ್ಲ. ರಸ್ತೆಯ ಮೇಲೆ ಒಂದು ನಾಯಿ ಬಂತು, ಹೋಯಿತು.

"ಅಧ್ಯಕ್ಷರೇ, ನಿಮ್ಮ ಸೊಸಿ ಒಬ್ಬಾಕೀನೇ ಓಡಿದ್ಲೇನ್ರಿ?" ಎಂದು ಕೋಚ್ ಕೇಳಿದ.

ಆಗ ದೇವಾನಂದನ ಫೋನು ರಿಂಗಾಯಿತು. ಹೊಳೆಯಾಚೆಯ ಚಹದಂಗಡಿಯವನು. ಫೋನು ಸ್ಪೀಕರಿನಲ್ಲಿದ್ದು, ಮೈಕು ಇನ್ನೂ ಬಾಯಿಯ ಹತ್ತಿರವೇ ಇದ್ದುದರಿಂದ ಎರಡೂ ಕಡೆಯ ಮಾತು ಊರಿಗೆಲ್ಲ ಕೇಳಿಸಿತು.

"ಹಲೋ ದೇವಣ್ಣಾ, ನಿಮ್ಮವ್ರೆಲ್ಲ ಇಲ್ಲಿ ಬಂದು ನೀರು ಕುಡೀತಾ ಇದಾರೆ. ಎಲ್ಲಿಗೆ ಹೊರಟದ್ದು?"

"ಎಲ್ಲಿಗೂ ಅಲ್ವೋ! ನಿಲ್ಸು ಅವ್ರನ್ನ!"

"ಕಪ್ಪು ಕನ್ನಡಕದವ ಆಗ್ಲೇ ಮುಂದೆ ಹೋದ. ಗೋಕರ್ಣ ಎಷ್ಟು ದೂರ ಅಂತ ಕೇಳ್ದ. ನಾ ಹೇಳ್ದೆ."

ವೇದಿಕೆಯ ಮೇಲಿದ್ದ ತಾಲೂಕಿನ ಅಧಿಕಾರಿ ಎದ್ದುನಿಂತರು. ಪರವಾನಗಿ ಕೊಟ್ಟದ್ದು ಅಂಕೋಲಾ ತಾಲೂಕಿನಲ್ಲಿ ಓಡಲು ಮಾತ್ರ ಎಂದೂ, ಕುಮಟಾ ತಾಲೂಕಿನಲ್ಲಿ ಇವರು ಓಡಿದ ಪ್ರತಿಯೊಂದು ಹೆಜ್ಜೆಗೂ ತಮಗೆ ಸಂಬಂಧವಿಲ್ಲವೆಂದೂ ಹೇಳಿ, ಹಾಗೆ ಹೇಳಿದ್ದಕ್ಕೆ ಇಬ್ಬರನ್ನು ಸಾಕ್ಷಿ ಮಾಡಿಕೊಂಡು, ಮತ್ತೆ ಕೂತರು.

ಟೆಂಪೋ ಕಳಿಸಿ ಓಟಗಾರರನ್ನು ತಂದರು. ಟೆಂಪೋ ಹತ್ತದೆ ಓಡಿಕೊಂಡೇ ವಾಪಸ್ಸು ಬಂದವಳು ಮನಿಷಾ ಒಬ್ಬಳೇ. ಅವಳ ಮಾಮ ಮಾದು ಮೈದಾನದ ನಡುವೆ ನಿಂತು ಗಂಟಲು ತೆರೆದ.

"ಅರೆ ದೇವಾ! ಹೇಂ ಕಿತೇಂ? ಎಂತದು ಇದು? ನಮ್ಮ ಹುಡ್ಗಿ ಮುಂದಿತ್ತು! ಗೋಡೆ ಮೇಲಿನ ಬೊಂಬೆ ಎಡಕ್ಕೆ ಓಡ್ತು, ಇವ್ಳೂ ಓಡ್ತು! ಬೊಂಬೆ ಬಿಡ್ಸಿದವ ಯಾರು?"

ಬ್ಯಾಜು ಹಾಕಿದವರೆಲ್ಲ ಸಾಯಿನಾಥನ ಕಡೆ ನೋಡಿದರು.

"ಬಲಕ್ಕೆ ಬಂದವ್ಳು ಯಾರು?"

ಎಲ್ಲರೂ ಸ್ವಾತಿಯ ಕಡೆ ನೋಡಿದರು.

"ಅಪ್ಪ ಬೊಂಬೆ ಬಿಡ್ಸಿ ಊರಿಗೆಲ್ಲ ದಾರಿ ತಪ್ಸೂದು, ಮಗಳು ಮಾತ್ರ ಸರಿ ದಾರಿ ಹಿಡಿಯೂದು! ಎಂತಾ ಕುಟುಂಬ ಇದು!"

ದೇವಾನಂದ ನಡುವೆ ಬಂದು, ಬೊಂಬೆ ಓಡುತ್ತಿರುವುದು ಬಲಕ್ಕೇ ಎಂದು ಠರಾವಾಗಿದೆ ಎಂದ. ಪ್ರಸಾದದ ವಿಷಯ ಹೇಳಿದ. ನಿತೇಶನನ್ನು ಮತ್ತೆ ನಿಲ್ಲಿಸಿ ಬಲಗೈ ಎತ್ತಿಸಿದ. ನಿತೇಶನ ಕೈಯಲ್ಲಿ ಅವಲಕ್ಕಿ ಇತ್ತು. ಹೊರಗಿನವರಿಗೆ ಇದರಲ್ಲಿ ಒಂದಕ್ಷರವೂ ಅರ್ಥವಾಗಲಿಲ್ಲ, ಸಿಟ್ಟು ಹೆಚ್ಚಾಯಿತು, ಅಷ್ಟೇ.

ಕೋಚ್ ಸ್ವಾತಿಯನ್ನು ಕರೆದ. "ನೀನು ಬಲಕ್ಕ ಯಾಕ ಬಂದಿವಾ? ದಾರಿ ಯಾರರ ಹೇಳಿದ್ರೇನು?"

"ಯಾರೂ ಹೇಳ್ಲಿಲ್ಲ ಸರ್" ಎಂದಳು ಸ್ವಾತಿ. ಅಪ್ಪನ ಕಡೆ ಒಂದು ಸಲ ನೋಡಿ ತಲೆ ತಗ್ಗಿಸಿದಳು. "ಬಲಗಡೆ ರಸ್ತೆಗೆ ಧೂಳು ಏಳ್ಬಾರ್ದು ಅಂತ ನೀರು ಹೊಡ್ದಿದ್ರು. ಅದನ್ನ ನೋಡಿ ಬಂದೆ."

"ಬೊಂಬಿ ಎಡಕ್ಕ ತೋರಸ್ತಿತ್ತಲ್ಲ, ಅದನ್ಯಾಕ ನಂಬಲಿಲ್ಲ?"

ಸ್ವಾತಿ ಬಾಯಿ ಬಿಡಲಿಲ್ಲ. ಅವಳು ಬಾಯಿ ಬಿಟ್ಟಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಬಾವ ಬೆನ್ನು ತಟ್ಟಿದಾಗಿನ ಅಪ್ಪನ ಮುಖ ಅವಳಿಗೆ ನೆನಪಿತ್ತು.

ಕೋಚ್ ಪೆನ್ನಿನ ಮುಚ್ಚಳ ಹಾಕಿ ಜೇಬಿಗೆ ಇಟ್ಟ. "ಹಿಂಗಾದ್ರ ನಾ ಯಾರ ಹೆಸರೂ ಬರಕೊಳ್ಳೂದಿಲ್ರಿ. ಸಂಶಯ ಇದ್ದಲ್ಲಿ ನಮ್ಮ ಶಿಬಿರ ಇಲ್ಲ. ನನ್ನ ಬಸ್ಸು ಯಾವಾಗ ಐತಿ?"

ಸ್ವಾತಿಯ ಕಣ್ಣಿನಲ್ಲಿ ನೀರು ತುಂಬಿತು. ಜಯಂತಿ ಗಂಡನ ಕಡೆ ನೋಡಿದಳು, ಬೈಯಲಿಲ್ಲ. ಬೈಯದಿದ್ದರೆ ಪರಿಸ್ಥಿತಿ ಕೈ ಮೀರಿದೆ ಎಂದೇ ಅರ್ಥ.

ಸಾಯಿನಾಥ ಬಾವನ ಕೈಯಿಂದ ಮೈಕು ಕಿತ್ತುಕೊಂಡ. ಅದು ಸುಲಭದ ಕೆಲಸವಲ್ಲ, ಎರಡು ಸಲ ಎಳೆಯಬೇಕಾಯಿತು.

"ಅವ್ಳು ಹೇಳೂದಿಲ್ಲ. ನಾ ಹೇಳ್ತೆ. ನಂಗೆ ಬಲಕ್ಕೆ ಓಡೂದು ಬಿಡ್ಸೂಕೆ ಬರೂದಿಲ್ಲ."

ಮೈಕು ಕುಂಯ್ ಎಂದಿತು.

"ಐದನೇ ಕ್ಲಾಸಿಂದ ನಂಗೆ ಬರೂದು ಎಡಕ್ಕೆ ಓಡೂದು ಒಂದೇ. ನಮ್ಮನೆಯಲ್ಲಿ ಗಣಪತಿಯೂ ಎಡಕ್ಕೇ ಓಡ್ತಾನೆ. ಅದು ಅವ್ಳಿಗೆ ಗೊತ್ತು, ಹಂಗಾಗಿ ಬೊಂಬೆ ನೋಡ್ದೆ ರಸ್ತೆ ನೋಡಿದ್ಲು. ದೇವರ ಬಲ, ನಮ್ಮ ಎಡ, ಅದೆಲ್ಲ ನಾನು ಹುಟ್ಸಿದ್ದು. ಗುಡಿ ಎದ್ರಿಗಿತ್ತು, ಬಾಯಿಗೆ ಬಂತು."

"ಸುಳ್ಳು!" ಎಂದ ಮಾದು. "ಇಷ್ಟು ಚೆಂದ ಬಿಡ್ಸಿದವಂಗೆ ತಿರುಗ್ಸಿ ಬಿಡ್ಸೂಕೆ ಬರೂದಿಲ್ಲ ಅಂದ್ರೆ ಯಾರು ನಂಬ್ತಾರೆ?"

ನ್ಯಾಯವಾದ ಮಾತು. ವೇದಿಕೆಯ ಬ್ಯಾನರನ್ನು ಬಿಚ್ಚಿ, ಹಿಂಬದಿ ಮೇಲೆ ಮಾಡಿ, ಎರಡು ಕಂಬಕ್ಕೆ ಕಟ್ಟಿದರು. ಸಾಯಿನಾಥನ ಕೈಗೆ ಕರಿ ಬಣ್ಣದ ಕುಂಚ ಕೊಟ್ಟರು. ಕೋಚ್ ಹತ್ತಿರ ಬಂದು ನಿಂತ. "ಬಲಕ್ಕ ಓಡಬೇಕ್ರಿ. ನಮ್ಮ ಬಲಕ್ಕ. ದೇವರನ್ನ ಸುಮ್ನ ಬಿಡ್ರಿ."

ಸಾಯಿನಾಥನ ಜೀವನದಲ್ಲಿ ಇಷ್ಟು ಜನ ಅವನ ಚಿತ್ರ ನೋಡಲು ನಿಂತದ್ದು ಅದೇ ಮೊದಲು, ಮತ್ತು ಅವನು ನಿಂತಿದ್ದದ್ದು ಚಿತ್ರ ಕೆಡಿಸುವುದಕ್ಕೆ. ಆದರೂ ಮನುಷ್ಯನ ಆಸೆ ನೋಡಿ. ಕುಂಚ ಎತ್ತಿದ ಕೂಡಲೇ ಅವನಿಗೆ, ಇವತ್ತು ಸರಿ ಬಂದುಬಿಟ್ಟರೆ ಎಷ್ಟು ಚೆಂದ ಎಂದೂ ಅನಿಸಿತು, ಸರಿ ಬಂದುಬಿಟ್ಟರೆ ಗತಿಯೇನು ಎಂದು ಎದೆಯೂ ಹೊಡೆದುಕೊಂಡಿತು. ತಿರುಗಿ ಮಗಳನ್ನು ನೋಡಿದ.

"ನಿಂಗೆ ಬಂದಂಗೆ ಬಿಡ್ಸು ಅಪ್ಪಾ" ಎಂದಳು ಸ್ವಾತಿ.

ಬಿಡಿಸಿದ. ಹಣ್ಣು ಬಂತು. ಮೂಗು ಬಲಕ್ಕೆ ಬಂತು. ಮೊಣಕಾಲು ಎಡಕ್ಕೆ ಹೋಯಿತು. ಅದನ್ನು ಸರಿಮಾಡಲು ಇನ್ನೊಂದು ಕಾಲು ಹಾಕಿದ, ಮೂರಾದವು. ಮುಷ್ಟಿ ಕಿವಿಯೊಳಗೆ ಸೇರಿತು. ಬೂಟು ಹಿಂದುಮುಂದಾಯಿತು. ಧೂಳು ಯಾವ ಬದಿಗೆ ಏಳಬೇಕೆಂದು ತಿಳಿಯದೆ ನೆತ್ತಿಯ ಮೇಲೆ ಎದ್ದಿತು. ಅವನ ಹಣೆಯಿಂದ ಬೆವರು ಬಣ್ಣದ ಡಬ್ಬಕ್ಕೆ ಬಿತ್ತು, ಆದರೂ ಅವನು ನಿಲ್ಲಿಸಲಿಲ್ಲ, ಒಂದೊಂದು ಗೆರೆಯನ್ನೂ ಮನಸ್ಸಿಟ್ಟು ಎಳೆದ. ಮುಗಿಸಿ ಹಿಂದೆ ಸರಿದ.

ಬೊಮ್ಮು ಗೌಡ ಕನ್ನಡಕ ಏರಿಸಿ ನೋಡಿದ. "ಇದು ಓಡ್ತಾ ಇಲ್ಲ. ಮರದಿಂದ ಬಿದ್ದು ಕಾಲು ಮುರ್ಕಂಡದೆ."

ಯಾರೋ ಒಬ್ಬರು ನಕ್ಕರು. ನಂತರ ಮೈದಾನವೇ ನಕ್ಕಿತು. ಸುಸ್ತಾಗಿ ಬಿದ್ದಿದ್ದ ಓಟಗಾರರು ಹೊಟ್ಟೆ ಹಿಡಿದುಕೊಂಡು ನಕ್ಕರು. ತಾಲೂಕಿನ ಅಧಿಕಾರಿ ಕೂಡ ನಕ್ಕು, ಪರವಾನಗಿ ನೆನಪಾಗಿ ಸುಮ್ಮನಾದರು. ಮಾದು ಬ್ಯಾನರಿನ ಹತ್ತಿರ ಹೋಗಿ, ಆಚೆಯಿಂದ ನೋಡಿ, ಈಚೆಯಿಂದ ನೋಡಿ, ಸಾಯಿನಾಥನ ಹೆಗಲ ಮೇಲೆ ಕೈ ಇಟ್ಟ. "ತಪ್ಪಾಯ್ತು ಮಾರಾಯಾ. ಇದು ನಾಟಕ ಅಲ್ಲ. ನಾಟಕ ಮಾಡಿ ಇಷ್ಟು ಕೆಡಿಸೂಕೆ ಆಗೂದೇ ಇಲ್ಲ."

ಕೋಚ್ ಪೆನ್ನು ಹೊರತೆಗೆದ. ಅವನ ಮುಖದಲ್ಲಿ ಮೊದಲ ಸಲ ಹಲ್ಲು ಕಂಡವು. "ನೋಡ್ರಿ, ಈ ಹುಡುಗಿ ಎಲ್ಲಾರೂ ಎಡಕ್ಕ ಹೋದಾಗ ತಾನು ಒಬ್ಬಾಕಿ ರಸ್ತೆ ನೋಡಿ ಬಲಕ್ಕ ಬಂದಾಳ. ಇಕಿ ನನಗ ಬೇಕು. ಆ ಹಣಕೋಣದ ಹುಡುಗಿ ಇನ್ನೊಂದು ತಾಲೂಕು ಮುಟ್ಟಿ, ಟೆಂಪೋ ಹತ್ತದ ಓಡಿ ಬಂದಾಳ. ಆಕೀನೂ ಬೇಕು. ಹುಡುಗರು ಯಾರೂ ಬ್ಯಾಡ, ಎಲ್ಲಾರೂ ಟೆಂಪೋದಾಗ ಬಂದ್ರು." ಕಪ್ಪು ಕನ್ನಡಕದವನ ಬಗ್ಗೆ ಅವನು ಏನೂ ಹೇಳಲಿಲ್ಲ. ಆ ಹೊತ್ತಿಗೆ ಕಪ್ಪು ಕನ್ನಡಕದವನು ಗೋಕರ್ಣದಲ್ಲಿ ದರ್ಶನದ ಸರತಿಯಲ್ಲಿದ್ದ.

ದೇವಾನಂದ ಬಾವನ ಜೊತೆ ಮಾತು ಬಿಟ್ಟ. ಬೊಂಬೆ ಕೆಟ್ಟದ್ದಕ್ಕಲ್ಲ, ತನ್ನ ಠರಾವು ಸುಳ್ಳು ಎಂದು ತನ್ನದೇ ಮೈಕಿನಲ್ಲಿ ಹೇಳಿದ್ದಕ್ಕೆ. ಜಯಂತಿಗೆ ಅದರ ಚಿಂತೆಯಿರಲಿಲ್ಲ. ಆ ರಾತ್ರಿ ಊಟಕ್ಕೆ ಕೂತಾಗ ಗಂಡನ ತಟ್ಟೆಗೆ ಎರಡು ಬಂಗಡೆ ಬಿದ್ದವು, ಈ ಸಲ ಊಟದ ಮೊದಲೇ.

ಜೂನಿನಲ್ಲಿ ಸ್ವಾತಿ ಧಾರವಾಡಕ್ಕೆ ಹೊರಟಳು. ಕಾರವಾರದ ಬಸ್ ನಿಲ್ದಾಣಕ್ಕೆ ಮಾದು ಮನಿಷಾಳನ್ನು ಕರೆದುಕೊಂಡು ಬಂದಿದ್ದ. ದೇವಾನಂದನೂ ಬಂದ, ಒಂದು ಬುಟ್ಟಿ ಇಶಾಡ ತಂದ. ತಂಗಿಯ ಹತ್ತಿರ ಮಾತಾಡಿದ, ಸೊಸೆಯ ಹತ್ತಿರ ಮಾತಾಡಿದ, ಬಾವನ ಪಕ್ಕದಲ್ಲಿ ನಿಂತು ಬಸ್ಸಿನ ನಾಮಫಲಕ ಓದಿದ.

ಬಸ್ಸು ಹತ್ತುವ ಮೊದಲು ಸ್ವಾತಿ ಬಿಳಿ ಚೀಲವನ್ನೂ ಒಂದು ಪೆನ್ನನ್ನೂ ಅಪ್ಪನ ಮುಂದೆ ಹಿಡಿದಳು. "ಅಪ್ಪಾ, ಒಂದು ಇಶಾಡ ಬಿಡ್ಸಿ ಕೊಡು."

"ಬ್ಯಾಡ ತಂಗೀ. ಅಲ್ಲಿ ಎಲ್ಲಾ ನಗ್ತಾರೆ."

"ಬಿಡ್ಸು ಅಂದೆ."

ನಿಂತುಕೊಂಡೇ ಬಿಡಿಸಿದ. ಹಣ್ಣು, ಎಲೆ, ಬೂಟು, ಮೊಣಕಾಲು, ಗೆರೆ, ಧೂಳು. ಎಲ್ಲಾ ಎಡಕ್ಕೆ. ಸ್ವಾತಿ ಬಸ್ಸು ಹತ್ತಿ ಬಾಗಿಲ ಬದಿಯ ಕಿಟಕಿಯಲ್ಲಿ ಕೂತು, ಚೀಲವನ್ನು ಗಾಜಿಗೆ ಒತ್ತಿ ಹಿಡಿದಳು. ಕಂಡಕ್ಟರ್ ಸೀಟಿ ಊದಿದ. ಬಸ್ಸು ಒಂದು ಸಲ ಅಲುಗಾಡಿ, ಹೊಗೆ ಬಿಟ್ಟು, ನಿಂತವರ ಕಣ್ಣೆದುರು ಎಡಕ್ಕೆ ಹೊರಟಿತು. ಗಾಜಿನ ಹಿಂದೆ ಇಶಾಡ ಮುಷ್ಟಿ ಬಿಗಿದು, ನಗುತ್ತ, ಮಗಳನ್ನು ಕರೆದುಕೊಂಡು ಸರಿಯಾದ ದಿಕ್ಕಿಗೇ ಓಡುತ್ತಿತ್ತು.

ಸಾಯಿನಾಥನಿಗೆ ಕಣ್ಣು ಮಂಜಾಯಿತು. ಪಕ್ಕದಲ್ಲಿ ದೇವಾನಂದ ಗಂಟಲು ಸರಿಮಾಡಿಕೊಂಡ. ಎಷ್ಟೋ ದಿನಗಳ ಮೇಲೆ ಮೊದಲ ಮಾತು.

"ಕಂಡ್ಯಾ ಬಾವಾ? ಬಸ್ಸೊಳಗೆ ಕೂತು ನೋಡಿದ್ರೆ ಅದು ಬಲಕ್ಕೇ ಹೋಗೂದು. ನಮ್ಮ ಠರಾವು ಸರಿಯೇ ಇತ್ತು."

ಸಾಯಿನಾಥ ಕಣ್ಣು ಒರೆಸಿಕೊಂಡ. "ಹೌದು ಬಾವಾ, ಬಲಕ್ಕೇ" ಎಂದ.